ಅಲ್ಯೂಷನ್, ಅಲಿಗರಿ: ಮಕ್ಕಳ ಕೈಪಿಡಿಗೆ ಎರಡು ಪದ ಬೇಕು, ತುರ್ತು

ಎಲ್ಲರಿಗೂ ನಮಸ್ಕಾರ.

ಹಳೆಯ ಕಾವ್ಯ ಓದಿಸುವವರಿಗಾಗಿ ಒಂದು ಕೈಪಿಡಿ ತಯಾರಾಗುತ್ತಿದೆ. ಮೂಲ ಇಂಗ್ಲಿಷಿನದು. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ, ಉದಾಹರಣೆಗಳನ್ನು ಕನ್ನಡದಿಂದಲೇ ಹಾಕಿಕೊಳ್ಳಿ ಅಂದಿದ್ದಾರೆ. ಎಲ್ಲ ಮುಗಿದಿದೆ, ಎರಡು ಅಧ್ಯಾಯಗಳ ತಲೆಬರಹ ಮಾತ್ರ ಕೂರುತ್ತಿಲ್ಲ. ಒಂದು ಅಲ್ಯೂಷನ್, ಅಂದರೆ ಓದುಗರಿಗೆ ಗೊತ್ತಿರುವ ಕಥೆಯೊಂದನ್ನು ಬಿಡಿಸಿ ಹೇಳದೆ ನೆನಪಿಸುವುದು. ಇನ್ನೊಂದು ಅಲಿಗರಿ, ಅಂದರೆ ಒಂದು ಕಥೆಯ ಉದ್ದಕ್ಕೂ ಬೇರೊಂದು ವಿಷಯ ಹೇಳುವುದು. ನಿಘಂಟು ನೋಡಿ ಆಗಿದೆ, ದಯವಿಟ್ಟು ಮತ್ತೆ ಅಲ್ಲಿಗೇ ಕಳಿಸಬೇಡಿ. ಮೊದಲನೆಯದಕ್ಕೆ ಪ್ರಸ್ತಾಪ, ಉಲ್ಲೇಖ, ಸೂಚನೆ ಅಂತ ಸಿಗುತ್ತವೆ. ಎರಡನೆಯದಕ್ಕೆ ರೂಪಕ, ಅನ್ಯೋಕ್ತಿ, ದೃಷ್ಟಾಂತ, ಸಾಂಕೇತಿಕ ಕಥೆ. ಯಾವುದನ್ನು ಹಾಕಿದರೂ ಮಕ್ಕಳು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. "ಒಳಗೆ ಬೇರೆ ಅರ್ಥ ಇದೆ" ಅಂತ ಒಂದು ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಪದ ನೋಡಿದ ಕೂಡಲೇ ವ್ಯತ್ಯಾಸ ಗೊತ್ತಾಗುವ ಹಾಗಿದ್ದರೆ ಒಳ್ಳೆಯದಿತ್ತು. ಸೋಮವಾರ ಅಚ್ಚಿಗೆ ಹೋಗುತ್ತದೆ.

*

> ಪದ ನೋಡಿದ ಕೂಡಲೇ ವ್ಯತ್ಯಾಸ

ಅಲ್ಯೂಷನ್ ಅಂದರೆ ಧ್ವನಿ. ಅಲಿಗರಿ ಅಂದರೆ ರೂಪಕ. ಸಾವಿರ ವರ್ಷದಿಂದ ಇರುವ ಪದಗಳು. ಇದ್ದದ್ದನ್ನು ಬಿಟ್ಟು ಹೊಸದು ಹುಟ್ಟಿಸುವ ಚಟ ಯಾಕೋ ಕಾಣೆ.

*

ಮೇಲಿನವರು ಕೊಟ್ಟ ಎರಡೂ ಸಂಸ್ಕೃತ. ಕೇಳಿದ್ದು ಕನ್ನಡ ಪದ ಅಲ್ವಾ?

ಅಲಿಗರಿಗೆ ನನ್ನ ಸಲಹೆ "ತಗುಳ್ಚುಗತೆ". ನಾನು ಕಟ್ಟಿದ್ದಲ್ಲ, ಬೇರು ಪಂಪನದು. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಹೊಂದಿಸುವಾಗ "ತಗುಳ್ಚಿ ಪೋಲಿಪೊಡೆ" ಅನ್ನುತ್ತಾನೆ. ತಗುಲು ಅಂದರೆ ಅಂಟು, ತಗುಳ್ಚು ಅಂದರೆ ಅಂಟಿಸು. ಒಂದು ಕತೆಗೆ ಇನ್ನೊಂದನ್ನು ಅಂಟಿಸಿ ಹೇಳಿದರೆ ತಗುಳ್ಚುಗತೆ. ಇಷ್ಟು ಸರಿಯಾದ ಪದ ಹತ್ತನೇ ಶತಮಾನದಿಂದ ಕಾದು ಕೂತಿದೆ. ಅಲ್ಯೂಷನ್‌ಗೆ "ಸುಳುಹು" ಸಾಕು. ಆಂಡಯ್ಯ ಒಂದಿಡೀ ಕಬ್ಬವನ್ನು ಸಂಸ್ಕೃತದ ಹಂಗಿಲ್ಲದೆ ಬರೆದ, ನಮಗೆ ಎರಡು ಪದಕ್ಕೆ ಇಷ್ಟು ಒದ್ದಾಟ.

*

ಮೇಡಂ, ನಿಮಗೆ ಸೋಮವಾರದೊಳಗೆ ಬೇಕು ಅಂದಿದ್ದೀರಿ, ಆದ್ದರಿಂದ ಮೊದಲು ಉತ್ತರ: ಅಲ್ಯೂಷನ್‌ಗೆ "ಕಥೆಯ ಸುಳಿವು", ಅಲಿಗರಿಗೆ "ಅನ್ಯೋಕ್ತಿ ಕಥೆ". ಕಾರಣ ಬೇಕಿದ್ದರೆ ಮುಂದೆ ಓದಿ. ಉದ್ದವಾಗುತ್ತದೆ.

> ಅಲ್ಯೂಷನ್ ಅಂದರೆ ಧ್ವನಿ

ಅಲ್ಲ. ಕಾವ್ಯಮೀಮಾಂಸಕ ಆನಂದವರ್ಧನ ಒಂಬತ್ತನೇ ಶತಮಾನದಲ್ಲಿ ಧ್ವನಿ ಅಂದಾಗ ಅವನು ಹೇಳುತ್ತಿದ್ದದ್ದು ಮಾತು ಹೇಳದೆ ಹೊಳೆಯಿಸುವ ಅರ್ಥದ ಬಗ್ಗೆ. ಅದಕ್ಕೆ ಬೇರೊಂದು ಕಥೆ ಗೊತ್ತಿರಬೇಕು ಅಂತೇನಿಲ್ಲ. ಅಲ್ಯೂಷನ್‌ಗೆ ಗೊತ್ತಿರಲೇಬೇಕು. ಸುಳಿವಿನಲ್ಲೂ ಧ್ವನಿ ಇರಬಹುದು, ಅನ್ಯೋಕ್ತಿಯಲ್ಲೂ ಇರಬಹುದು, ಎರಡೂ ಇಲ್ಲದ ಸಾಲಿನಲ್ಲೂ ಇರಬಹುದು. "ಒಳಗೆ ಬೇರೆ ಅರ್ಥ ಇದೆ" ಅಂತ ಮಕ್ಕಳು ಬರೆಯುತ್ತಾರೆ ಅನ್ನುವುದೇ ದೂರು, ನೀವು ಆ ಗೊಂದಲವನ್ನೇ ತಲೆಬರಹ ಮಾಡಿ ಅಚ್ಚು ಹಾಕಿಸಿ ಅನ್ನುತ್ತಿದ್ದೀರಿ.

ಉಳಿದ ಪದಗಳಿಗೆಲ್ಲ ಆಗಲೇ ಬೇರೆ ಕೆಲಸ ಇದೆ. ಉಲ್ಲೇಖ ಒಂದು ಅಲಂಕಾರದ ಹೆಸರು, ಒಂದನ್ನೇ ಹಲವು ಬಗೆಯಲ್ಲಿ ಕಾಣುವುದು. ಸೂಚನೆ ಅಂದರೆ ಷಟ್ಪದಿ ಕಾವ್ಯದಲ್ಲಿ ಸಂಧಿಯ ತಲೆಯ ಮೇಲಿರುವ ಪದ್ಯ, ಪ್ರಶ್ನೆಪತ್ರಿಕೆಯಲ್ಲಿ "ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿ". ಪ್ರಸ್ತಾಪ ಅಂದರೆ ಬಾಯಿಬಿಟ್ಟು ಹೇಳುವುದು, ಇಲ್ಲಿ ಬೇಕಾದ್ದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ. ರೂಪಕವಂತೂ ಒಂದು ಅಲಂಕಾರ, ಒಂದು ನಾಟಕ, ಒಂದು ಬಾನುಲಿ ಕಾರ್ಯಕ್ರಮ, ಮೂರೂ ಆಗಿದೆ. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯದ ಚಕ್ರವರ್ತಿ ಅಂತ ಓದಿರುವ ಹುಡುಗನಿಗೆ ಅಲಿಗರಿ ಅಂದರೆ ರೂಪಕ ಅಂತ ಕಲಿಸಿ ನೋಡಿ, ಗದುಗಿನ ಭಾರತವನ್ನೇ ಅಲಿಗರಿ ಅಂದುಕೊಳ್ಳುತ್ತಾನೆ.

ಈಗ ಸುಳಿವು. ಕುಮಾರವ್ಯಾಸನದೇ ಸಾಲು ತೆಗೆದುಕೊಳ್ಳಿ: "ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ". ಫಣಿರಾಯ ಯಾರು, ಅವನಿಗೂ ಭಾರಕ್ಕೂ ಏನು ಸಂಬಂಧ, ಕವಿ ಹೇಳುವುದೇ ಇಲ್ಲ. ಭೂಮಿಯನ್ನು ಆದಿಶೇಷ ಹೊತ್ತಿದ್ದಾನೆ ಅನ್ನುವ ಕಥೆ ನಿಮಗೆ ಗೊತ್ತಿದೆ ಅಂತ ಅವನು ನಂಬಿದ್ದಾನೆ. ಗೊತ್ತಿದ್ದವರಿಗೆ ನಗು ಬರುತ್ತದೆ: ಭೂಮಿ ಹೊತ್ತು ಸುಸ್ತಾಗದವನು ರಾಮಾಯಣ ಬರೆಯುವವರ ಗುಂಪು ಹೊತ್ತು ತಿಣುಕುತ್ತಿದ್ದಾನೆ, ಅಂದರೆ ಆ ದಾರಿಯಲ್ಲಿ ಕಾಲಿಡೋಕೂ ಜಾಗ ಇಲ್ಲ, ನಾನು ಭಾರತ ಹೇಳುತ್ತೇನೆ. ಗೊತ್ತಿಲ್ಲದವರಿಗೆ ಯಾವುದೋ ಹಾವು ಏದುಸಿರು ಬಿಡುತ್ತಿದೆ, ಅಷ್ಟೇ. ಓದುಗ ಆ ಸಾಲಿನಿಂದ ಹೊರಗೆ ಹೋಗಿ ಒಂದು ಕಥೆ ಮುಟ್ಟಿ ವಾಪಸ್ ಬರಬೇಕು. ಹೋಗಿಬರುವುದು ಒಂದೇ ಕ್ಷಣ, ಆಮೇಲೆ ಕಾವ್ಯ ತನ್ನ ದಾರಿಯಲ್ಲಿ ಮುಂದುವರಿಯುತ್ತದೆ. ಅದಕ್ಕೇ ಸುಳಿವು ಅಂದದ್ದು.

ಇನ್ನೊಂದು ಮಾತು, ಇದನ್ನು ಕೈಪಿಡಿಯಲ್ಲಿ ಹಾಕಿದರೆ ಸಂತೋಷ. ಸುಳಿವು ಯಾವಾಗಲೂ ಮೂಲಗ್ರಂಥದ ಕಡೆಗೇ ಬೊಟ್ಟು ಮಾಡುತ್ತದೆ ಅಂತ ಕಲಿಸಬೇಡಿ. "ಲಕ್ಷ್ಮಣರೇಖೆ ದಾಟಬೇಡ" ಅಂತ ಎಲ್ಲರೂ ಹೇಳುತ್ತಾರೆ, ವಾಲ್ಮೀಕಿ ರಾಮಾಯಣದಲ್ಲಿ ಆ ಗೆರೆಯೇ ಇಲ್ಲ. ನಂತರದ ಕಥೆಗಳಲ್ಲಿ ಸೇರಿದ್ದು. ಹಾಗಂತ ಹೇಳಿದವರು ತಪ್ಪು ಅಲ್ಲ. ಕೇಳುವವರ ನೆನಪಿನಲ್ಲಿ ಯಾವ ರಾಮಾಯಣ ಇದೆಯೋ ಸುಳಿವು ಅದನ್ನು ಮುಟ್ಟುತ್ತದೆ. ಮಕ್ಕಳಿಗೆ ಸುಳಿವು ಸಿಗುತ್ತಿಲ್ಲ ಅಂದರೆ ಬುದ್ಧಿ ಕಡಿಮೆ ಅಂತ ಅಲ್ಲ, ಕಥೆ ಕೇಳಿಲ್ಲ ಅಂತ. ಮೊದಲು ಕಥೆ ಹೇಳಿ, ಒಂದೆರಡು ದಿನ ಬಿಟ್ಟು ಸಾಲು ಕೊಡಿ. ಸಾಲಿನ ಕೆಳಗೆ ಅಡಿಟಿಪ್ಪಣಿ ಹಾಕಿ ವಿವರಿಸಿದರೆ ಅರ್ಥ ಸಿಗುತ್ತದೆ, ಮಜಾ ಸಿಗಲ್ಲ.

ಅನ್ಯೋಕ್ತಿಯ ಲೆಕ್ಕವೇ ಬೇರೆ. ಅಲಿಗರಿ ಅನ್ನುವ ಪದದ ಗ್ರೀಕ್ ಬೇರು ನೋಡಿ, ಅಲ್ಲೋಸ್ ಅಂದರೆ ಬೇರೆ, ಅಗೊರ್ಯೂಯಿನ್ ಅಂದರೆ ಮಾತಾಡುವುದು. ಅನ್ಯ, ಉಕ್ತಿ. ಯಾರೂ ಯಾರಿಂದಲೂ ಎರವಲು ಪಡೆಯದೆ ಎರಡು ಕಡೆ ಒಂದೇ ಪದ ಹುಟ್ಟಿದೆ, ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಕಂಡಿಲ್ಲ. ಒಂದು ತಕರಾರು ಬರುತ್ತದೆ, ನಾನೇ ಹೇಳಿಬಿಡುತ್ತೇನೆ: ನಮ್ಮ ಅನ್ಯೋಕ್ತಿ ಸಾಮಾನ್ಯವಾಗಿ ಒಂದು ಪದ್ಯದಲ್ಲಿ ಮುಗಿಯುತ್ತದೆ. ಆನೆಗೋ ಮೋಡಕ್ಕೋ ಹೇಳಿದ ಹಾಗೆ ಮಾಡಿ ದೊರೆಗೆ ತಾಗಿಸುವುದು. ಆಲಂಕಾರಿಕರ ಅಪ್ರಸ್ತುತಪ್ರಶಂಸೆ. ಅದಕ್ಕೇ "ಕಥೆ" ಅಂತ ಸೇರಿಸಿದ್ದು. ಉದ್ದಕ್ಕೂ ಹಾಗೇ ಸಾಗುವುದು ಬೇಕಿದ್ದರೆ ಕೃಷ್ಣಮಿಶ್ರನ "ಪ್ರಬೋಧಚಂದ್ರೋದಯ" ಇದೆಯಲ್ಲ, ವಿವೇಕ, ಮೋಹ ಎಲ್ಲ ರಾಜರಾಗಿ ಯುದ್ಧ ಮಾಡುತ್ತವೆ. ಆದರೆ ಮಕ್ಕಳಿಗೆ ಅದನ್ನು ಕೊಡಬೇಡಿ. ಪಾತ್ರದ ಹೆಸರೇ ಉತ್ತರ ಹೇಳಿಬಿಡುತ್ತದೆ, ಕಲಿಯೋಕೆ ಏನೂ ಉಳಿಯಲ್ಲ.

ಕನಕದಾಸರ "ರಾಮಧಾನ್ಯ ಚರಿತ್ರೆ" ಕೊಡಿ. ನರೆದಲೆಗ ಅನ್ನುವ ರಾಗಿಗೂ ವ್ರೀಹಿ ಅನ್ನುವ ಭತ್ತಕ್ಕೂ ಯಾರು ದೊಡ್ಡವರು ಅಂತ ಜಗಳ. ಭತ್ತ ಕುಲದ ಮಾತೆತ್ತಿ ಬೈಯುತ್ತದೆ, ರಾಗಿ ತಿರುಗಿ ಬೀಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ತೆಗೆದು ನೋಡಿದರೆ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ. ಮೇಲು ಕೀಳಿನ ಬಗ್ಗೆ ಹೇಳುತ್ತಿದ್ದಾರೆ ಅಂತ ಯಾರೂ ಹೇಳಿಕೊಡದೆ ಹೋದರೂ ಮಕ್ಕಳಿಗೆ ಗೊತ್ತಾಗುತ್ತದೆ. ಇಲ್ಲಿ ಓದುಗ ಕಥೆ ಬಿಟ್ಟು ಹೊರಗೆ ಹೋಗಿಬರುವುದಲ್ಲ, ಕಥೆಯ ಒಳಗೇ ಇದ್ದುಕೊಂಡು ಪ್ರತಿ ಹೆಜ್ಜೆಯಲ್ಲೂ ಇನ್ನೊಂದನ್ನು ಓದುತ್ತಿದ್ದಾನೆ. ಈ ವ್ಯತ್ಯಾಸ ಹಿಡಿಸಿದರೆ ಪಾಠ ಮುಗಿದ ಹಾಗೆ.

ಒಂದು ಎಚ್ಚರಿಕೆ. ಅನ್ಯೋಕ್ತಿ ಕಥೆ ಕಲಿಸುವಾಗ "ಇದು ಅದು, ಅವನು ಇವನು" ಅಂತ ಎರಡು ಕಾಲಂ ಪಟ್ಟಿ ಬರೆಸುವ ಅಭ್ಯಾಸ ಇದೆ. ಬರೆಸಿ, ಆದರೆ ಪಟ್ಟಿ ಎಲ್ಲಿ ಮುರಿಯುತ್ತದೆ ಅಂತ ಕೇಳಿ. ಭತ್ತದ ಎದುರು ಏನೋ ಬರೆಯಬಹುದು, ರಾಗಿಯ ಎದುರೂ ಬರೆಯಬಹುದು. ರಾಮನ ಎದುರು? ರಾಮ ಯಾವುದಕ್ಕೂ ವೇಷ ಹಾಕಿ ಬಂದಿಲ್ಲ, ಅವನು ರಾಮನೇ, ಲಂಕೆಯಿಂದ ತಿರುಗಿ ಬರುತ್ತಿರುವವನು. ಅಲ್ಲಿ ಕಾವ್ಯ ರಾಮಾಯಣವನ್ನು ಮುಟ್ಟುತ್ತಿದೆ, ಅಂದರೆ ಸುಳಿವು. ಒಂದೇ ಕಾವ್ಯದಲ್ಲಿ ನಿಮ್ಮ ಎರಡು ಅಧ್ಯಾಯವೂ ಇದೆ ಮೇಡಂ.

> ಇಷ್ಟು ಸರಿಯಾದ ಪದ ಹತ್ತನೇ ಶತಮಾನದಿಂದ

ಪದ ಚೆನ್ನಾಗಿದೆ, ವಿಷಯ ಬೇರೆ. ಪಂಪ ಮಾಡಿದ್ದು ಅನ್ಯೋಕ್ತಿ ಅಲ್ಲ. ಅವನ ಅರ್ಜುನ ಅರ್ಜುನನೂ ಹೌದು, ಅರಿಕೇಸರಿಯೂ ಹೌದು, ಮತ್ತೆ ಅದನ್ನು ಮುಚ್ಚಿಡದೆ ಹೇಳಿಕೊಂಡೇ ಶುರು ಮಾಡುತ್ತಾನೆ. ರನ್ನನ ಭೀಮನೂ ರನ್ನನ ದೊರೆ ಸತ್ಯಾಶ್ರಯನೂ ಹೀಗೇ. ತಗುಳ್ಚುಗತೆ ಅಂದರೆ ಅಲಿಗರಿ ಅಂತ ಮಕ್ಕಳಿಗೆ ಹೇಳಿದಿರೋ, ಕರ್ಣ ಯಾವ ಸಾಮಂತ, ಶಕುನಿ ಯಾವ ಮಂತ್ರಿ ಅಂತ ಹುಡುಕಿಕೊಂಡು ಕೂರುತ್ತಾರೆ. ಮಕ್ಕಳೇನು, ದೊಡ್ಡವರೂ ಕೂತಿದ್ದಾರೆ.

*

ಉದ್ದದ ಪಾಠಕ್ಕೆ ವಂದನೆ. ಕೊನೆಗೂ ಕೊಟ್ಟದ್ದೇನು? ಅನ್ಯೋಕ್ತಿ. ಗ್ರೀಕಿನಲ್ಲಿ ಹಾಗಿದೆ, ಸಂಸ್ಕೃತದಲ್ಲಿ ಹೀಗಿದೆ, ಕನ್ನಡದಲ್ಲಿ ಏನಿದೆ ಅಂತ ಯಾರೂ ಕೇಳಲ್ಲ. ಶಾಲೆಯ ಮಗುವಿಗೆ "ಅನ್ಯ" ಅನ್ನುವುದೇ ಅನ್ಯ. ಎರವಲು ತಂದು ತಂದು ನುಡಿಯ ಕಣಜ ತುಂಬಿದೆ ಅಂತ ಹೆಮ್ಮೆಪಡುವವರ ಜೊತೆ ವಾದ ಮಾಡಿ ಉಪಯೋಗ ಇಲ್ಲ.

*

ಹಳೆಗನ್ನಡ ಕವಿ ನಯಸೇನ ಕನ್ನಡಕ್ಕೆ ಸಂಸ್ಕೃತ ಸೇರಿಸುವವರಿಗೆ ಆಗಲೇ ಹೇಳಿದ್ದಾನೆ, ಎಣ್ಣೆಯನ್ನೂ ತುಪ್ಪವನ್ನೂ ಬೆರೆಸಬೇಡಿ ಅಂತ. "ಅನ್ಯೋಕ್ತಿ ಕಥೆ" ಜೊತೆಗೆ "ಕಥೆಯ ಸುಳಿವು" ಇಟ್ಟರೆ ಒಂದು ಪೂರ್ತಿ ಸಂಸ್ಕೃತ, ಒಂದು ಅರೆಬರೆ. ತಲೆಬರಹಗಳು ಒಂದೇ ಜಾತಿಯವಾಗಿರಲಿ.

*

ನಯಸೇನನ ಆ ಸಾಲಿನಲ್ಲಿ ಇರುವುದು "ಘೃತಮುಮಂ ತೈಲಮುಮಂ". ಎರಡೂ ಸಂಸ್ಕೃತದ್ದೇ. ಬೆರೆಸಬೇಡಿ ಅಂದವನೇ ಬೆರೆಸಿಕೊಂಡು ಹೇಳಿದ್ದಾನೆ, ಯಾರೂ ಬೇಸರ ಮಾಡಿಕೊಂಡಿಲ್ಲ.

ಆಂಡಯ್ಯನ ಮಾತು ಬಂತಲ್ಲ. ಅವನು ಬಿಟ್ಟದ್ದು ತತ್ಸಮ. ತದ್ಭವವನ್ನು ಧಾರಾಳವಾಗಿ ಬಳಸಿದ್ದಾನೆ. ಅವನ ಕಾವ್ಯದ ಹೆಸರು "ಕಬ್ಬಿಗರ ಕಾವ" ಅನ್ನುವಲ್ಲಿ ಕಬ್ಬಿಗ ಎಲ್ಲಿಂದ ಬಂತು? ಕಾವ್ಯದಿಂದ ಕಬ್ಬ, ಅದರಿಂದ ಕಬ್ಬಿಗ. ಅಷ್ಟೇ ಯಾಕೆ, ನಿಮ್ಮ ತಗುಳ್ಚುಗತೆಯ "ಕತೆ" ಯಾರ ಮನೆಯದು? ಅಪ್ಪಟ ಕನ್ನಡ ಅಂತ ಹಟ ಹಿಡಿದರೆ ಅರ್ಧ ಪದ ವಾಪಸ್ ಕೊಡಬೇಕಾಗುತ್ತದೆ. ನನಗೆ ಎರವಲಿನ ಬಗ್ಗೆ ತಕರಾರಿಲ್ಲ, ಕನ್ನಡ ಪದದ ಬಗ್ಗೆಯೂ ಇಲ್ಲ, ಇಲ್ಲದಿದ್ದರೆ ಸುಳಿವು ಅನ್ನುತ್ತಿರಲಿಲ್ಲ. ಹೇಳಿದ ಕೂಡಲೇ ತಿಳಿಯಬೇಕು, ಬೇರೆ ಅರ್ಥ ಅದರ ಬೆನ್ನಿಗೆ ಬಿದ್ದಿರಬಾರದು, ಇಷ್ಟೇ.

*

ಎಲ್ಲರಿಗೂ ಧನ್ಯವಾದ. ಜಗಳ ಓದುತ್ತಾ ಒಂದು ಅಭ್ಯಾಸ ತಯಾರಾಯಿತು, ನೋಡಿ ಹೇಳಿ.

ಶರೀಫರ "ಸೋರುತಿಹುದು ಮನೆಯ ಮಾಳಿಗಿ ಅಜ್ಞಾನದಿಂದ" ಸಾಲನ್ನು ಮೊದಲು "ಅಜ್ಞಾನದಿಂದ" ತೆಗೆದು ಕೊಡೋದು. ಮಕ್ಕಳು ಮಳೆ, ಮಾಳಿಗೆ, ರಿಪೇರಿ ಅಂತ ಬರೆಯುತ್ತಾರೆ. ಆಮೇಲೆ ಆ ಪದ ಸೇರಿಸಿ ಮತ್ತೆ ಓದಿಸೋದು. ಮಾಳಿಗೆ ಏನು, ಸೋರುವುದು ಏನು, ಅವರೇ ಹುಡುಕಲಿ. ಇನ್ನೊಂದು ಕಡೆ ಫಣಿರಾಯನ ಸಾಲು, ಆದಿಶೇಷನ ಕಥೆ ಹೇಳುವ ಮೊದಲು ಒಮ್ಮೆ, ಹೇಳಿದ ಮೇಲೆ ಒಮ್ಮೆ. ಎರಡಕ್ಕೂ ಕೆಳಗೆ ಒಂದೇ ಪ್ರಶ್ನೆ: ಅರ್ಥ ತೆರೆಯೋಕೆ ಬೇಕಾದ ಕೀಲಿ ಪದ್ಯದ ಒಳಗೇ ಇತ್ತೋ, ಹೊರಗಿನಿಂದ ತಂದಿರೋ?

ತಲೆಬರಹ: "ಕಥೆಯ ಸುಳಿವು", "ಅನ್ಯೋಕ್ತಿ ಕಥೆ". ಎರಡರ ಕೆಳಗೂ ಇಂಗ್ಲಿಷ್ ಹೆಸರನ್ನು ಕನ್ನಡ ಲಿಪಿಯಲ್ಲಿ ಚಿಕ್ಕದಾಗಿ ಹಾಕುತ್ತೇನೆ, ಮುಂದಿನ ತರಗತಿಗಳಲ್ಲಿ ಬೇಕಾಗುತ್ತದೆ.

*

ಅಭ್ಯಾಸ ಚೆನ್ನಾಗಿದೆ ಮೇಡಂ. ಆದರೆ "ಕೀಲಿ ಒಳಗೋ ಹೊರಗೋ" ಅನ್ನುವುದು ಎಲ್ಲ ಕಡೆ ನಡೆಯಲ್ಲ. ಅಲ್ಲಮನ ಬೆಡಗಿನ, ಅಂದರೆ ಒಗಟಿನಂಥ, ವಚನಗಳಲ್ಲಿ ಕೀಲಿ ಒಳಗೂ ಕಾಣುವುದಿಲ್ಲ, ಒಂದು ಕಥೆ ಓದಿಕೊಂಡು ಬಂದರೂ ಸಿಗುವುದಿಲ್ಲ, ಹಿಂದಿನವರು ಟೀಕೆ ಬರೆದೇ ಬಿಡಿಸಬೇಕಾಯಿತು. ಅದಕ್ಕೆ ಅನ್ಯೋಕ್ತಿ ಅನ್ನಬೇಡಿ, ಬೆಡಗು ಅಂತಲೇ ಹೆಸರಿದೆ. ಪ್ರಶ್ನೆಯನ್ನು ಹಾಗೇ ಇಟ್ಟುಕೊಳ್ಳಿ, ಬೆಡಗಿನ ವಚನ ಮಾತ್ರ ಆ ಪುಟಕ್ಕೆ ತರಬೇಡಿ.

*

ಸುಳುಹು. ಸುಳಿವು ಅಲ್ಲ. ಹಾಕೋದಾದರೆ ಅದನ್ನಾದರೂ ಸರಿಯಾಗಿ ಹಾಕಿ.