ಅಪ್‌ಡೇಟ್: ಅಮ್ಮನ ಕಿವಿಗೆ ಎರಡನೆಯ ಸಿಟಿ ಸ್ಕ್ಯಾನ್

ಕಳೆದ ತಿಂಗಳು ಇಲ್ಲಿ ಕೇಳಿದ್ದೆ: ಅಮ್ಮನ ಬಲಗಿವಿಯಲ್ಲಿ ಕೊಲೆಸ್ಟಿಯಟೋಮಾ (ಕಿವಿಯೊಳಗೆ ಚರ್ಮ ಬೆಳೆದು ಮೂಳೆ ಕೊರೆಯುವ ಗಂಟು) ಇದೆ, ತಲೆಯ ಸಿಟಿ ಆಗಲೇ ಆಗಿದೆ, ಆದರೂ ಮಂಗಳೂರಿನ ಡಾಕ್ಟರು ಆಪರೇಷನ್ನಿಗೆ ಮೊದಲು ಕಿವಿಯ ಮೂಳೆಯದ್ದೇ ಇನ್ನೊಂದು ಸಿಟಿ ಬೇಕೆನ್ನುತ್ತಾರೆ, ಇದು ದುಡ್ಡು ಕೀಳುವ ದಾರಿಯೇ ಎಂದು. ಅಲ್ಲ. ನನ್ನ ಅನುಮಾನವೇ ತಪ್ಪಾಗಿತ್ತು.

ಹಳೆಯ ಸಿಟಿಯಲ್ಲಿ ಒಂದೊಂದು ಪದರ 5 ಮಿಲಿಮೀಟರ್ ದಪ್ಪ. ನಡುಗಿವಿಯಲ್ಲಿ ಕುದುರೆಯ ರಿಕಾಪಿನ ಆಕಾರದ ಪುಟ್ಟ ಮೂಳೆಯ ಎತ್ತರವೇ ಸುಮಾರು 3 ಮಿಲಿಮೀಟರ್. ಅಂಥ ಪದರದಲ್ಲಿ ಅದು ಕಾಣುವುದೆಲ್ಲಿ? ಹೊಸದರಲ್ಲಿ ಪದರ 0.6 ಮಿಲಿಮೀಟರ್. ಕಾಂಟ್ರಾಸ್ಟ್ ಇಂಜೆಕ್ಷನ್ (ಚಿತ್ರ ಎದ್ದು ಕಾಣಲು ಕೊಡುವ ಔಷಧ) ಕೊಡುತ್ತಾರೆಂದು ಉತ್ತರಿಸಿದವರೊಬ್ಬರು ಹೆದರಿಸಿದ್ದರು, ಅದು ಬೇಕಾಗಲೇ ಇಲ್ಲ.

ಡಾಕ್ಟರು ಮೌಸ್ ಉರುಳಿಸುತ್ತಾ ತೋರಿಸಿದರು. ಎಡಗಿವಿಯ ಹಿಂದಿನ ಮೂಳೆಯ ತುಂಬ ಗಾಳಿಯ ಗೂಡುಗಳು, ಬಲಗಡೆ ಗಟ್ಟಿ ಬಿಳುಪು. "ಒಂದು ಕಡೆ ನೀರುದೋಸೆ, ಇನ್ನೊಂದು ಕಡೆ ಕಲ್ಲು" ಎಂದರು ಅಮ್ಮ. ಕಿವಿಗೂ ಮಿದುಳಿಗೂ ನಡುವಿನ ತೆಳುಮೂಳೆ ಬಿಳಿ ಗೆರೆಯಂತೆ ಸಾಗಿ, ಒಂದೆಡೆ ಸಾಸಿವೆಯಷ್ಟು ಕಡಿದುಹೋಗಿತ್ತು. "ಇಲ್ಲಿ ಡ್ರಿಲ್ ನಿಲ್ಲಿಸಿ ಕೈಯಲ್ಲೇ ಬಿಡಿಸಬೇಕು ಅಮ್ಮಾ" ಎಂದರು ಡಾಕ್ಟರು. ಮುಖದ ನರ ಹಾದುಹೋಗುವ ಕಾಲುವೆಯನ್ನು ಮೂರು ಸಲ ಹಿಂದೆ ಮುಂದೆ ನೋಡಿದರು.

ಸಿಟಿಗೂ ಮಿತಿಯಿದೆ. ಕೊಲೆಸ್ಟಿಯಟೋಮಾ, ಕೀವು, ಊದಿದ ಪೊರೆ ಎಲ್ಲವೂ ಅದರಲ್ಲಿ ಒಂದೇ ಬೂದು ಬಣ್ಣ. ಆಪರೇಷನ್ನಿನಲ್ಲಿ ಕಿವಿ ತೆರೆದಾಗಲೇ ಗೊತ್ತಾಗಿದ್ದು, ಅರ್ಧದಷ್ಟು ಬರೀ ಊದಿದ ಪೊರೆ. ತೆಳುಮೂಳೆ ಕಡಿದಿದ್ದ ಜಾಗಕ್ಕೆ ಅಮ್ಮನ ಕಿವಿಯದ್ದೇ ಮೃದ್ವಸ್ಥಿಯ ತೇಪೆ ಹಾಕಿದ್ದಾರೆ. ಮುಖದ ನರಕ್ಕೆ ಪೆಟ್ಟಾಗಿಲ್ಲ, ನಗುವಾಗ ಬಾಯಿ ವಕ್ರವಾಗುತ್ತಿಲ್ಲ, ಅದನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದೇನೆ. ಶ್ರವಣ ಪರೀಕ್ಷೆ ಇನ್ನೂ ಬಾಕಿ.