ಸಹಾಯ ಬೇಕು: ಮಳೆಗಾಲದಲ್ಲಿ ವಿಕಿರಣ ಅಳೆಯುವ ಜಿ.ಎಂ. (ಗೈಗರ್-ಮುಲ್ಲರ್) ಸರ್ವೇ ಮೀಟರ್ ಸುಳ್ಳು ಎಣಿಕೆ ತೋರಿಸುತ್ತಿದೆ

ಕಾರವಾರದಲ್ಲಿ ಕಡಲಿಗೆ ಹತ್ತಿರದ ಲ್ಯಾಬ್, ವಿಕಿರಣ ಸೂಸುವ ಫಾಸ್ಫರಸ್-32 ಬಳಕೆ. ಜೂನ್‌ವರೆಗೆ ನಿಮಿಷಕ್ಕೆ 40ರ ಆಸುಪಾಸಿದ್ದ ಹಿನ್ನೆಲೆ ಎಣಿಕೆ (ಹತ್ತಿರ ವಿಕಿರಣ ವಸ್ತು ಇಲ್ಲದಾಗಲೂ ಮೀಟರ್ ತೋರಿಸುವುದು) ಈಗ 110 ದಾಟಿದೆ. ಮೇಜು ಒರೆಸಿದ ಫಿಲ್ಟರ್ ಪೇಪರನ್ನು ಸಿಂಟಿಲೇಷನ್ ಕೌಂಟರಿನಲ್ಲಿ (ವಿಕಿರಣ ಎಣಿಸುವ ಬೇರೆ ಯಂತ್ರ) ನೋಡಿದರೆ ಏನೂ ಇಲ್ಲ. ಮೀಟರನ್ನು ಹೊರಗಿನ ಜಗಲಿಗೆ ಒಯ್ದರೂ ಅದೇ ಎಣಿಕೆ. ಹಾಗಾಗಿ ಇದು ಸೋರಿದ ವಿಕಿರಣ ಅಲ್ಲ, ಮೀಟರಿನ ಹೈವೋಲ್ಟೇಜ್ ಕನೆಕ್ಟರಿನ ವಿದ್ಯುತ್ ಸೋರಿಕೆ ಅನ್ನೋದು ಹೆಚ್ಚುಕಡಿಮೆ ಖಾತ್ರಿ. ಬಿಚ್ಚಿದಾಗ ನಡುವಿನ ಪಿನ್ ಸುತ್ತ ಉಪ್ಪಿನ ಬಿಳಿ ಪುಡಿ ಕಂಡಿತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಿದರೆ ಎರಡು ದಿನ ಸರಿ, ಮತ್ತೆ ಅದೇ ಗತಿ.

ಕೈಗವಸಿನ ಮೇಲೆ ಬಿದ್ದ ಸಣ್ಣ ಹನಿಯನ್ನು ಆ ಕ್ಷಣದಲ್ಲೇ ಹಿಡಿಯುವುದು ಈ ಮೀಟರೊಂದೇ. ಮೈಗೆ ತಗುಲಿದ ವಿಕಿರಣ ಅಳೆಯಲು ಧರಿಸುವ ಟಿ.ಎಲ್.ಡಿ. ಬ್ಯಾಡ್ಜಿನ ಲೆಕ್ಕ ಬರುವುದು ಮೂರು ತಿಂಗಳ ಮೇಲೆ. 10 ಮಿ.ಮೀ. ಅಕ್ರಿಲಿಕ್ ತಡೆ ಇದೆ, ಆದರೆ ಅದು ಕೈಗೆ ಅಂಟಿದ್ದನ್ನು ತೋರಿಸುವುದಿಲ್ಲ. ಅದಕ್ಕೇ ವಿದ್ಯಾರ್ಥಿಗಳ ಕೆಲಸ ನಿಲ್ಲಿಸಿದ್ದೇವೆ.

ಕಾರವಾರ, ಕುಮಟಾ, ಶಿರಸಿ ಕಡೆ ಯಾರಲ್ಲಾದರೂ ಕ್ಯಾಲಿಬ್ರೇಶನ್ ಅವಧಿ ಮುಗಿಯದ ಮೀಟರ್ ಇದ್ದರೆ ಹದಿನೈದು ದಿನಕ್ಕೆ ಕೊಡಬಹುದೇ? ಕರಾವಳಿಯ ಹವೆಯಲ್ಲಿ ಕನೆಕ್ಟರಿಗೆ ಯಾವ ಸಿಲಿಕೋನ್ ಗ್ರೀಸ್ ಬಾಳುತ್ತದೆ, ಬಳಸಿ ನೋಡಿದವರು ದಯವಿಟ್ಟು ತಿಳಿಸಿ.