ಅಮೆರಿಕನ್ ಫುಟ್‌ಬಾಲ್ ತಂಡ ಡೆಟ್ರಾಯ್ಟ್ ಲಯನ್ಸ್, 2025ರ ಸೀಸನ್‌ಗೆ ಮುಂಚಿನ ಚರ್ಚೆ: ಗಿಬ್ಸ್, ಮಾಂಟ್ಗೊಮರಿ ನಡುವೆ ಚೆಂಡು ಹೇಗೆ ಹಂಚಿಕೆಯಾಗಬಹುದು?

ಮೂರನೇ_ಡೌನ್:
ಕಳೆದ, ಅಂದರೆ 2024ರ ಸೀಸನ್‌ನಲ್ಲಿ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಜಹ್ಮೀರ್ ಗಿಬ್ಸ್ 250 ಕ್ಯಾರಿಗೆ (ಚೆಂಡು ಹಿಡಿದ ಓಟಕ್ಕೆ) 1,412 ಯಾರ್ಡ್, ಓಟದಲ್ಲೇ 16 ಟಚ್‌ಡೌನ್. ಇನ್ನೊಬ್ಬ ಬ್ಯಾಕ್ ಡೇವಿಡ್ ಮಾಂಟ್ಗೊಮರಿ 185 ಕ್ಯಾರಿಗೆ 775 ಯಾರ್ಡ್, 12 ಟಚ್‌ಡೌನ್. ಈಗ, ಕಳೆದ ವರ್ಷದ ಆಫೆನ್ಸಿವ್ ಕೋಆರ್ಡಿನೇಟರ್ (ದಾಳಿ ಆಟ ನಡೆಸುವ ಕೋಚ್) ಬೆನ್ ಜಾನ್ಸನ್ ಶಿಕಾಗೋ ಬೇರ್ಸ್‌ಗೆ ಹೆಡ್ ಕೋಚ್ ಆಗಿ ಹೋದರು, ಸೆಂಟರ್ (ಲೈನ್‌ನ ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವವನು) ಫ್ರ್ಯಾಂಕ್ ರಾಗ್ನೋ ಜೂನ್‌ನಲ್ಲಿ ನಿವೃತ್ತರಾದರು. ಹೊಸ ಆಫೆನ್ಸಿವ್ ಕೋಆರ್ಡಿನೇಟರ್ ಜಾನ್ ಮಾರ್ಟನ್ ಕೈಯಲ್ಲಿ ಗಿಬ್ಸ್‌ಗೆ ಮೂರರಲ್ಲಿ ಎರಡು ಪಾಲು ಸಿಗುತ್ತಾ? ಮೂರನೇ ಬ್ಯಾಕ್ ಯಾರಾಗಬಹುದು? ಪ್ರೀಸೀಸನ್ ಪಂದ್ಯಗಳಲ್ಲಿ ಏನನ್ನು ಗಮನಿಸಬೇಕು?

ಲೆಕ್ಕದ_ಪುಸ್ತಕ:
ಇಡೀ ಸೀಸನ್‌ನ ಮೊತ್ತ ಹಿಡಿದುಕೊಂಡು ಹೊರಟರೆ ದಾರಿ ತಪ್ಪುತ್ತೆ. ಮಾಂಟ್ಗೊಮರಿ ಮಂಡಿ ಗಾಯದಿಂದ ರೆಗ್ಯುಲರ್ ಸೀಸನ್‌ನ ಕೊನೆಯ ಮೂರು ಪಂದ್ಯ ಆಡಲಿಲ್ಲ. ಆ ಮೂರರಲ್ಲಿ ಗಿಬ್ಸ್ ಶಿಕಾಗೋ ಮೇಲೆ 23 ಕ್ಯಾರಿಗೆ 109, ಸ್ಯಾನ್ ಫ್ರಾನ್ಸಿಸ್ಕೋ ಮೇಲೆ 18ಕ್ಕೆ 117, ಮಿನ್ನೆಸೋಟ ಮೇಲೆ 23ಕ್ಕೆ 139 ಯಾರ್ಡ್. ಒಟ್ಟು 64 ಕ್ಯಾರಿ. 250ರಲ್ಲಿ ಅದನ್ನು ಕಳೆಯಿರಿ: ಮೊದಲ 14 ಪಂದ್ಯಕ್ಕೆ ಗಿಬ್ಸ್ 186, ಮಾಂಟ್ಗೊಮರಿ 185. ಇಬ್ಬರೂ ಗಟ್ಟಿಯಾಗಿದ್ದಾಗ ಹಂಚಿಕೆ ಹೆಚ್ಚುಕಡಿಮೆ ಸಮಸಮ.

ಇನ್ನೊಂದು ಮಾತು. ಮೊದಲ 14ರಲ್ಲಿ ಗಿಬ್ಸ್ ಸರಾಸರಿ 5.6, ಹೊರೆ ಏರಿದ ಕೊನೆಯ ಮೂರರಲ್ಲಿ 5.7. ಮೂರೇ ಪಂದ್ಯ ಅನ್ನೋದು ನಿಜ, ಆದರೂ ‘ಸಣ್ಣ ಮೈಯವನು, 20 ಕ್ಯಾರಿ ತಡೆಯಲ್ಲ’ ಅನ್ನುವ ವಾದಕ್ಕೆ ಅಲ್ಲಿ ಆಧಾರವಿಲ್ಲ. ಕ್ಯಾಚ್ ಕಡೆ ನೋಡಿದರೆ 2023ರಲ್ಲೂ 52, 2024ರಲ್ಲೂ 52. ಯಾರ್ಡ್ ಮಾತ್ರ 316ರಿಂದ 517ಕ್ಕೆ ಹೋಯಿತು. ಅಂದರೆ ಚೆಂಡು ಸಿಕ್ಕಿದ್ದು ಅಷ್ಟೇ ಸಲ, ಸಿಕ್ಕ ಜಾಗ ಚೆನ್ನಾಗಿತ್ತು.

ಮೂರರಲ್ಲಿ ಎರಡು ಪಾಲು ನಾನು ಒಪ್ಪಲ್ಲ. ಪಂದ್ಯಕ್ಕೆ ಗಿಬ್ಸ್ 15-16, ಮಾಂಟ್ಗೊಮರಿ 10-12 ಅಂತ ನನ್ನ ಅಂದಾಜು. ಕ್ಯಾಚ್ ಸೇರಿ ಗಿಬ್ಸ್ ಗಳಿಸಿದ 20 ಟಚ್‌ಡೌನ್ ಮತ್ತೆ ಬರುತ್ತೆ ಅಂತ ಯಾರೂ ಲೆಕ್ಕ ಹಾಕಬೇಡಿ.

ಡಬಲ್_ಟೀಮ್:
ಎಲ್ಲರ ಕಣ್ಣೂ ಬ್ಯಾಕ್‌ಗಳ ಮೇಲೆ. ಈ ವರ್ಷದ ನಿಜವಾದ ಪ್ರಶ್ನೆ ಇರೋದು ಲೈನ್‌ನ (ಬ್ಯಾಕ್‌ಗೆ ದಾರಿ ಮಾಡಿಕೊಡುವ ಮುಂದಿನ ಸಾಲು) ನಡುವಿನ ಮೂರು ಜಾಗದಲ್ಲಿ, ಅಂದರೆ ಸೆಂಟರ್ ಮತ್ತು ಅವನ ಎಡಬಲದ ಗಾರ್ಡ್‌ಗಳಲ್ಲಿ. ರಾಗ್ನೋ ಇಲ್ಲ, ರೈಟ್ ಗಾರ್ಡ್ ಕೆವಿನ್ ಝೈಟ್ಲರ್ ಟೆನ್ನೆಸಿಗೆ ಹೋದರು. ಗ್ರಹಾಂ ಗ್ಲಾಸ್ಗೋ ಸೆಂಟರ್‌ಗೆ ಸರಿದರೆ ಎಡಗಡೆ ಎರಡನೇ ವರ್ಷದ ಕ್ರಿಶ್ಚಿಯನ್ ಮಹೋಗನಿ, ಬಲಗಡೆ ಜಾರ್ಜಿಯಾದಿಂದ ಬಂದ ರೂಕಿ (ಮೊದಲ ವರ್ಷದ ಆಟಗಾರ) ಟೇಟ್ ರ‍್ಯಾಟ್ಲೆಜ್. ಎರಡು ತುದಿಯಲ್ಲಿ ಡೆಕ್ಕರ್, ಸೂವೆಲ್ ಇರೋದರಿಂದ ಅಲ್ಲಿ ಚಿಂತೆಯಿಲ್ಲ.

ಇದರ ಪೆಟ್ಟು ಇಬ್ಬರಿಗೂ ಒಂದೇ ಥರ ಬೀಳಲ್ಲ. ಔಟ್‌ಸೈಡ್ ಝೋನ್‌ನಲ್ಲಿ (ಇಡೀ ಲೈನ್ ಪಕ್ಕಕ್ಕೆ ಸರಿಯುವ ಓಟದ ಆಟ) ಸೆಂಟರ್ ಸ್ನ್ಯಾಪ್ ಕೊಟ್ಟ ಕೂಡಲೇ ಪಕ್ಕಕ್ಕೆ ಹೆಜ್ಜೆ ಹಾಕಿ, ಓಟದ ಕಡೆ ನಿಂತ ಎದುರಾಳಿ ಡಿಫೆನ್ಸಿವ್ ಟ್ಯಾಕಲ್‌ನ ಹೊರ ಭುಜ ಹಿಡಿಯಬೇಕು. ರಾಗ್ನೋ ಇದರಲ್ಲಿ ಪಳಗಿದ ಕೈ. ಅರ್ಧ ಹೆಜ್ಜೆ ತಡವಾದರೂ ಆ ಟ್ಯಾಕಲ್ ಬ್ಯಾಕ್‌ಫೀಲ್ಡ್‌ಗೆ (ಲೈನ್‌ನ ಹಿಂದಿನ ಜಾಗಕ್ಕೆ) ನುಗ್ತಾನೆ, ಗಿಬ್ಸ್ ಹ್ಯಾಂಡ್‌ಆಫ್ ತಗೊಂಡ ಜಾಗದಲ್ಲೇ ದಿಕ್ಕು ಬದಲಿಸಬೇಕಾಗುತ್ತೆ. ಆಗ ಅವರ ವೇಗ ಪಕ್ಕಕ್ಕೆ ಓಡೋದರಲ್ಲೇ ಖರ್ಚು.

ಡ್ಯುಯೋ ಅನ್ನೋ ಓಟದ ಆಟ ಬೇರೆ ಲೆಕ್ಕ. ಅಲ್ಲಿ ಗಾರ್ಡ್ ಪುಲ್ ಮಾಡಲ್ಲ, ಅಂದರೆ ತನ್ನ ಜಾಗ ಬಿಟ್ಟು ಇನ್ನೊಂದು ಕಡೆ ಓಡಲ್ಲ. ಇಬ್ಬಿಬ್ಬರು ಸೇರಿ ಒಬ್ಬೊಬ್ಬ ಟ್ಯಾಕಲ್‌ನ ನೇರ ಹಿಂದಕ್ಕೆ ತಳ್ತಾರೆ. ಬ್ಯಾಕ್ ನೋಡೋದು ಮೈಕ್ ಲೈನ್‌ಬ್ಯಾಕರ್‌ನ (ಎದುರಾಳಿ ಲೈನ್‌ನ ಹಿಂದೆ ನಡುವೆ ನಿಂತವನು): ಅವನು ಒಳಗೆ ನುಗ್ಗಿದರೆ ಹೊರಗೆ, ಹೊರಗೆ ಸರಿದರೆ ಒಳಗೆ. ಅವಸರ ಮಾಡಿದವನು ತನ್ನದೇ ಗಾರ್ಡ್‌ನ ಬೆನ್ನಿಗೆ ಗುದ್ದುತ್ತಾನೆ. ಮಾಂಟ್ಗೊಮರಿ ಕಾಯುತ್ತಾರೆ, ಅದಕ್ಕೇ ಇದು ಅವರ ಆಟ. ಪಕ್ಕಕ್ಕೆ ಓಡಿ ಹಿಡಿಯೋದಕ್ಕಿಂತ ಮುಂದಕ್ಕೆ ತಳ್ಳೋದು ಹೊಸಬರಿಗೂ ಸುಲಭ. ಹಾಗಾಗಿ ಮೊದಲ ನಾಲ್ಕೈದು ವಾರ ಮಾಂಟ್ಗೊಮರಿ ಪಾಲು ಜನ ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದರೆ ಆಶ್ಚರ್ಯ ಇಲ್ಲ.

ಮೂರನೇ_ಡೌನ್:
ಲೆಕ್ಕ ಅರ್ಥವಾಯಿತು, ಥ್ಯಾಂಕ್ಸ್. ಮೂರನೇ ಬ್ಯಾಕ್ ಬಗ್ಗೆ? ಪ್ರೀಸೀಸನ್‌ನಲ್ಲಿ ಜಾಸ್ತಿ ಯಾರ್ಡ್ ಹೊಡೆದವರಿಗೇ ಜಾಗ ಅಲ್ವಾ?

ಬ್ಲಿಟ್ಜ್_ಪಿಕಪ್:
ಅಲ್ಲ. ಗಿಬ್ಸ್, ಮಾಂಟ್ಗೊಮರಿ ಇಬ್ಬರೂ ಇರುವಾಗ ಮೂರನೆಯವನಿಗೆ ಚೆಂಡು ಸಿಗೋದೇ ಅಪರೂಪ. ತಂಡದ 53 ಜನರ ಪಟ್ಟಿಯಲ್ಲಿ ಜಾಗ ಬೇಕಾದರೆ ಸ್ಪೆಷಲ್ ಟೀಮ್ಸ್‌ನಲ್ಲಿ (ಕಿಕ್, ಪಂಟ್ ಸಮಯದ ತಂಡಗಳು) ಮೂರು-ನಾಲ್ಕು ಘಟಕಗಳಲ್ಲಿ ಆಡಬೇಕು. ಪಂದ್ಯದ ದಿನ ಸಮವಸ್ತ್ರ ಹಾಕೋದು ಹೆಚ್ಚೆಂದರೆ 48 ಜನ, ಬರೀ ಓಡುವವನಿಗೆ ಅಲ್ಲಿ ಎಡೆಯಿಲ್ಲ. 2024ರ ಡ್ರಾಫ್ಟ್‌ನ ನಾಲ್ಕನೇ ಸುತ್ತಿನ ಆಯ್ಕೆ ಸಿಯೋನೆ ವಾಕಿ ಯೂಟಾ ಕಾಲೇಜಿನಲ್ಲಿ ಸೇಫ್ಟಿ (ಹಿಂದಿನ ಸಾಲಿನ ಡಿಫೆಂಡರ್) ಆಗಿದ್ದವರು, ಟ್ಯಾಕ್ಲಿಂಗ್ ಅಲ್ಲಿಂದಲೇ ಬಂದದ್ದು; ಕವರೇಜ್ ಘಟಕದಲ್ಲಿ (ಕಿಕ್ ಹಿಡಿದು ಓಡುವವನನ್ನು ತಡೆಯುವ ಘಟಕ) ಅವರನ್ನು ಬಿಡೋದು ಕಷ್ಟ. ಕ್ರೇಗ್ ರೆನಾಲ್ಡ್ಸ್ ಬಲ ಪಾಸ್ ಪ್ರೊಟೆಕ್ಷನ್ (ಪಾಸ್ ಮಾಡುವಾಗ ಕ್ವಾರ್ಟರ್‌ಬ್ಯಾಕ್‌ನ ಕಾಯೋದು). ಜೇಕಬ್ ಸೇಲರ್ಸ್‌ಗೆ ಬಾಗಿಲು ಅಂದರೆ ಕಿಕ್ ರಿಟರ್ನ್. ಈ ವರ್ಷ (2025) ಎಂಡ್‌ಝೋನ್‌ಗೆ ನೇರವಾಗಿ ಬಿದ್ದ ಕಿಕ್‌ಆಫ್‌ನ ಟಚ್‌ಬ್ಯಾಕ್ (ರಿಟರ್ನ್ ಇಲ್ಲದೆ ಆಟ ಶುರುವಾಗುವ ಜಾಗ) 30ರ ಬದಲು 35 ಯಾರ್ಡ್ ಗೆರೆಗೆ ಬಂದಿದೆ, ಕಿಕ್ಕರ್‌ಗಳು ಚೆಂಡನ್ನು ಅಂಗಳದೊಳಗೇ ಇಳಿಸ್ತಾರೆ, ರಿಟರ್ನ್ ಹೆಚ್ಚಾಗುತ್ತೆ.

ಇನ್ನು ನೋಡಬೇಕಾದ್ದು. ಕ್ವಾರ್ಟರ್‌ಬ್ಯಾಕ್ ಪಾಸ್‌ಗೆ ಹಿಂದೆ ಸರಿದಾಗ ಬ್ಯಾಕ್‌ನ ಕಣ್ಣು ನೋಡಿ, ಚೆಂಡನ್ನಲ್ಲ. ನುಗ್ಗಿ ಬರುವವರನ್ನು ಒಳಗಿನಿಂದ ಹೊರಕ್ಕೆ ಓದಬೇಕು, ಯಾಕೆಂದರೆ ಒಳಗಿನಿಂದ ಬಂದವನಿಗೆ ಕ್ವಾರ್ಟರ್‌ಬ್ಯಾಕ್ ಗಾಫ್ ಹತ್ತಿರ. ಗಾಫ್ ಓಡಿ ತಪ್ಪಿಸಿಕೊಳ್ಳುವ ಆಟಗಾರನೂ ಅಲ್ಲ. ಎಳೆಯರು ಮಾಡುವ ತಪ್ಪು ಎರಡು: ಹೊರಗಿನಿಂದ ಬರುವ ಕಾರ್ನರ್ ಕಡೆ ಮೊದಲೇ ತಿರುಗಿ ಎ-ಗ್ಯಾಪ್ (ಸೆಂಟರ್, ಗಾರ್ಡ್ ನಡುವಿನ ಸಂದು) ಬಾಗಿಲು ತೆಗೆದುಬಿಡೋದು, ಇಲ್ಲವೇ ತಲೆ ತಗ್ಗಿಸಿ ಮೇಲೆ ಹಾರೋದು. ತಲೆ ತಗ್ಗಿದರೆ ಲೈನ್‌ಬ್ಯಾಕರ್ ಒಂದು ಪಕ್ಕಕ್ಕೆ ಜಾರಿ ಹೋಗ್ತಾನೆ, ಅಷ್ಟೇ ಕಥೆ.

ಪ್ರೀಸೀಸನ್ ಯಾರ್ಡ್‌ಗಳಲ್ಲಿ ಎಷ್ಟೋ ಪಾಲು ತಂಡದಿಂದ ಹೊರಹೋಗುವ ಡಿಫೆಂಡರ್‌ಗಳ ಮೇಲೆ ಗಳಿಸಿದ್ದು. ಯಾವ ಲೈನ್ ಹಿಂದೆ, ಯಾವ ಕ್ವಾರ್ಟರ್‌ನಲ್ಲಿ ಅಂತ ಕೇಳಿ.

ಲೆಕ್ಕದ_ಪುಸ್ತಕ:
@ಡಬಲ್_ಟೀಮ್, ಒಂದು ತಕರಾರು. ಗಿಬ್ಸ್ ಕಳೆದ ವರ್ಷ ಡ್ಯುಯೋದಲ್ಲೂ ಓಡಿದ್ದಾರೆ, ಅವರನ್ನು ಬರೀ ಪಕ್ಕದ ಓಟಗಾರ ಅನ್ನೋದು 2023ರ ಚಿತ್ರ. ಲೈನ್ ತಡವರಿಸಿದರೆ ಮಾರ್ಟನ್ ಅವರನ್ನು ಬೆಂಚ್ ಮೇಲೆ ಕೂರಿಸಲ್ಲ, ಸ್ಕ್ರೀನ್, ಆಂಗಲ್ ರೂಟ್‌ನಂಥ ಚಿಕ್ಕ ಪಾಸ್ ಕೊಟ್ಟು ಲೈನ್ ದಾಟಿಸ್ತಾರೆ. ಕ್ಯಾರಿ ಇಳಿದು ಕ್ಯಾಚ್ 52ರಿಂದ 65ಕ್ಕೆ ಏರೋ ಸಾಧ್ಯತೆ ನನಗೆ ಹೆಚ್ಚು ಕಾಣುತ್ತೆ.

ಡಬಲ್_ಟೀಮ್:
ಅದು ಒಪ್ಪತಕ್ಕ ಮಾತು. 2025ರ ಸೆಪ್ಟೆಂಬರ್ 7ಕ್ಕೆ ಗ್ರೀನ್ ಬೇಯಲ್ಲಿ ಮೊದಲ ಪಂದ್ಯ. ಮೊದಲ ಎರಡು ಡ್ರೈವ್‌ನಲ್ಲಿ ಸೆಕೆಂಡ್ ಅಂಡ್ ಲಾಂಗ್ (ಎರಡನೇ ಯತ್ನ, ಇನ್ನೂ ದೂರ ಬಾಕಿ) ಬಂದಾಗ ಗಾಫ್ ಪಕ್ಕ ಯಾರು ನಿಂತಿದ್ದಾರೆ ಅನ್ನೋದನ್ನು ಗುರುತು ಹಾಕಿಕೊಳ್ಳಿ, ಯಾರ ಅಂದಾಜು ಸರಿ ಅಂತ ಅಲ್ಲೇ ನೋಡೋಣ.